ಚಿತ್ರ ಹಿಂಜುವವನು

ರೂವಿ ಹೈಸ್ಟ್ರೀಟಿನ ಅಂಗಡಿಯಲ್ಲಿ
ಐವತ್ತೈದು ಇಂಚಿನ ಟೀವಿಯೆದುರು
ಕಪ್ಪು ಕನ್ನಡಕ ಹಂಚುವ ಕೆಲಸ ನನ್ನದು.
ತೊಟ್ಟವರು ತಲೆ ಹಿಂದೆಳೆದುಕೊಳ್ಳುತ್ತಾರೆ,
ಮೀನು ಮೂಗಿಗೇ ಬಂತೆಂದು.
ಮಕ್ಕಳು ಗಾಳಿ ಹಿಡಿದು, ಮುಷ್ಟಿ ಬಿಚ್ಚಿ ನೋಡುತ್ತಾರೆ.
ನಾನೂ ನಗುತ್ತೇನೆ, ಎಲ್ಲರಿಗಿಂತ ಅರೆಗಳಿಗೆ ತಡವಾಗಿ.

ನನಗೆ ಕಾಣುವುದಿಲ್ಲ ಅದು.
ಎಡಗಣ್ಣು ಎಂಟನೆಯ ವಯಸ್ಸಿಗೇ ಹೋಯಿತು
ಲಕ್ಷ್ಮೇಶ್ವರದಲ್ಲಿ, ಅಜ್ಜ ಹತ್ತಿ ಹಿಂಜುವಾಗ
ಬಿಲ್ಲಿನ ನರ ಹರಿದು.
ಈಗಿರುವುದು ಗಾಜಿನದು. ಮಾಲೀಕನಿಗೆ ಹೇಳಿಲ್ಲ.
ಗಿರಾಕಿಗೆ ಚಹಾ ಕೊಡುವಾಗ
ಫ್ಲಾಸ್ಕಿನ ತುಟಿಯನ್ನು ಕಪ್ಪಿನ ಅಂಚಿಗೆ ತಾಗಿಸಿಯೇ ಸುರಿಯುತ್ತೇನೆ;
ಮರ್ಯಾದೆ ಅಂದುಕೊಳ್ಳುತ್ತಾರೆ.

ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಬಾಯಿಪಾಠವಾಗಿದೆ:
ಎರಡು ಕಣ್ಣಿಗೆ ಎರಡು ಚಿತ್ರ ಬೇಕು,
ಹಳೆಯ ವಿಡಿಯೋದಲ್ಲಿ ಇರುವುದು ಒಂದೇ.
ಆದ್ದರಿಂದ ಯಂತ್ರ ಊಹಿಸುತ್ತದೆ –
ಕೆಳಗಿನದು ಹತ್ತಿರವಿದ್ದೀತು, ಮೇಲಿನದು ಆಕಾಶವಿದ್ದೀತು,
ಸರಸರ ಸರಿಯುವುದು ಇಲ್ಲೇ ಪಕ್ಕದ್ದು,
ಮಸುಕಾದದ್ದು ದೂರದ್ದು,
ಕೆಂಪು ಮುಂದೆ ಬರಲಿ, ನೀಲಿ ಹಿಂದೆ ನಿಲ್ಲಲಿ.
ಚುಕ್ಕಿ ಚುಕ್ಕಿಗೂ ಒಂದು ದೂರ ಕಟ್ಟಿ
ಒಂದೊಂದು ಕಣ್ಣಿಗೆ ಕೂದಲೆಳೆಯಷ್ಟು ಜರುಗಿಸುತ್ತದೆ.
ಜರುಗಿಸಿದಲ್ಲಿ ತೂತು ಬಿದ್ದರೆ
ಪಕ್ಕದ ಬಣ್ಣವನ್ನೇ ಎಳೆದು ತೇಪೆ.

ಓದಿದ ರಾತ್ರಿ ಎದ್ದು ಕೂತೆ.
ಇದು ನನ್ನದೇ ಲೆಕ್ಕವಲ್ಲ!
ಹಮ್ರಿಯಾದ ರಸ್ತೆ ದಾಟುವಾಗ ದಿನಾ ಹಾಕುವ ಲೆಕ್ಕ:
ಟ್ಯಾಕ್ಸಿ ಎಷ್ಟು ಬೆಳೆಯಿತು, ನೆರಳು ಎಲ್ಲಿ ಬಿತ್ತು,
ಯಾವುದು ಯಾವುದನ್ನು ಮರೆಮಾಡಿತು.
ಒಕ್ಕಣ್ಣಿನ ಪೆಟ್ಟಿಗೆಯೇ, ನೀನೂ ನದಾಫನೇ.

ನಮ್ಮಜ್ಜ ಹೀಗೇ, ತುಳಿದು ರೊಟ್ಟಿಯಾದ ಗಾದಿ ಬಿಚ್ಚಿ
ಟಂಯ್ ಟಂಯ್ ಎಂದು ಹೊಡೆಯುತ್ತಿದ್ದ;
ಸಂಜೆಗೆ ಅಂಗಳದ ತುಂಬ ಹತ್ತಿಯ ಗುಡ್ಡ.
ಎಲ್ಲಿಂದ ಬಂತಜ್ಜ ಇಷ್ಟು, ಎಂದರೆ
ತೂಗಿ ನೋಡಲೇ, ಅಷ್ಟೇ ಐತಿ, ಎನ್ನುತ್ತಿದ್ದ.
ನಡುವೆ ಗಾಳಿ ಹೊಕ್ಕೈತಿ.

ಒಂದು ಗುರುವಾರ ಸೂರ್ ಕಡೆಯ ಖಲ್ಫಾನ್ ಬಂದ,
ಹಡಗು ನಡೆಸುತ್ತ ಬೊಂಬಾಯಿಯ ಹಿಂದಿ ಕಲಿತ ಮುದುಕ.
ಜೇಬಿನಲ್ಲಿ ತಮ್ಮನ ಮದುವೆಯ ಸೀಡಿ.
ಇದನ್ನೂ ಎಬ್ಬಿಸುತ್ತದೆಯಾ?
ಗುಂಡಿ ಒತ್ತಿದೆ.
ಏನು ಕಾಣುತ್ತದೆ ಹೇಳಿ ಚಾಚಾ, ಎಂದೆ
(ಎಲ್ಲರನ್ನೂ ಕೇಳುತ್ತೇನೆ, ಹಾಗೆಯೇ ನಾನು ನೋಡುವುದು).

ಹುಡುಗರು ಮುಂದೆ, ಕತ್ತಿ ಕುಣಿಸುವವರು ಹಿಂದೆ.
ಬಾಗಿಲಲ್ಲಿ ನಿಂತ ಅತ್ತೆಯ ಕೆಂಪು ಮುಸುಕು
ಅತ್ತೆಯನ್ನು ಅಲ್ಲೇ ಬಿಟ್ಟು ತಾನೊಂದೇ ಬಂದಿದೆ.
ತಮ್ಮನ ಕಿವಿಯ ಪಕ್ಕ ಗೋಡೆ ರಬ್ಬರಿನಂತೆ ಜಗ್ಗಿದೆ.
ಎಲ್ಲರಿಗಿಂತ ಹತ್ತಿರ ಯಾರು, ಚಾಚಾ?

ಮುದುಕ ಕೈ ಚಾಚಿದ,
ಪರದೆಯ ಕೆಳಮೂಲೆಗೆ.
ತಾರೀಕು, ಎಂದ.
ಕ್ಯಾಮೆರಾ ಬರೆದ ಹಳದಿ ಅಂಕಿ,
ಹನ್ನೆರಡು, ಮೂರು, ತೊಂಬತ್ತನಾಲ್ಕು –
ಮದುಮಗನ ಎದೆಗೆ ಅಡ್ಡ ನಿಂತುಬಿಟ್ಟಿದೆ.
ಸರಿಸಲು ಆಗುತ್ತದಾ ಇದನ್ನು?
ಆಗುವುದಿಲ್ಲ, ಎಂದೆ. ಕೆಳಗಿರುವುದು ಹತ್ತಿರ, ಅದಕ್ಕೆ ಅಷ್ಟೇ ಗೊತ್ತು.
ತಮ್ಮ ಈಗ ಎಲ್ಲಿ ಎಂದು ನಾನು ಕೇಳಲಿಲ್ಲ.

ಟೀವಿ ಕೊಳ್ಳಲಿಲ್ಲ ಅವನು. ಚಹಾ ಕುಡಿದ.
ಸುರಿವ ನನ್ನ ಕೈಯನ್ನೇ ನೋಡುತ್ತ
ನಮ್ಮ ಹಡಗಿನಲ್ಲೂ ಒಬ್ಬ ಹೀಗೇ ಸುರಿಯುತ್ತಿದ್ದ, ಎಂದ.
ಕನ್ನಡಕ ಮಡಿಸಿ ಕೊಟ್ಟು ಹೋದ.

ಅಂಗಡಿ ಮುಚ್ಚಿ ಹೊರಬಂದರೆ
ರೂವಿಯ ಬೆಟ್ಟ, ಕತ್ತರಿಸಿ ನಿಲ್ಲಿಸಿದ ರಟ್ಟು.
ನಡೆಯುತ್ತ ತಲೆ ಅತ್ತಿತ್ತ ಆಡಿಸುತ್ತೇನೆ:
ದೀಪದ ಕಂಬಗಳು ಓಡುತ್ತವೆ,
ಬೆಟ್ಟ ಜೊತೆಗೇ ಬರುತ್ತದೆ.
ಅಂದರೆ ದೂರವಿದೆ.

ಕೋಣೆಯಲ್ಲಿ ಐದು ಮಂಚ, ಐದು ಗೊರಕೆ.
ಗಾಜಿನ ಕಣ್ಣು ತೆಗೆದು ನೀರಿಗೆ ಹಾಕುವ ಮುನ್ನ
ಬಟ್ಟಲಿನ ಅಂಚನ್ನು ಒಮ್ಮೆ
ಬೆರಳಿನಿಂದ ಮುಟ್ಟಿ ನೋಡುತ್ತೇನೆ.