ಆನೆ ಹೆಜ್ಜೆಗೆ ದಂಡವಿಲ್ಲ

ಪಾಲಿಬೆಟ್ಟದ ಮೈದಾನದಲ್ಲಿ, ಮೊದಲ ಟೀಯ ಪಕ್ಕ,
ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಿಯಮ:
ಆನೆ ಹೆಜ್ಜೆಯೊಳಗೆ ಬಿದ್ದ ಚೆಂಡನ್ನು
ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳಬಹುದು.
ಹೊರಗಿನವರು ನಗುತ್ತಾರೆ, ಫೋಟೋ ತೆಗೆಯುತ್ತಾರೆ.
‘ದಂಡ’ಕ್ಕೆ ಸೊನ್ನೆ ಎಲ್ಲಿ ಬರುತ್ತದೆಂದು
ನಾನು ಕಲಿತದ್ದು ಅಲ್ಲಿ.

ಅಪ್ಪ ಐರಿ. ಕುಲುಮೆಯವನು.
ಕಪಾತು ಕತ್ತಿ, ಕುಡುಗೋಲು, ಗೇಟಿನ ಕೀಲು.
ದೊರೆಗಳು ಬಿಟ್ಟುಹೋದ ಕ್ಲಬ್ಬುಗಳ ಸಡಿಲ ತಲೆಯನ್ನೂ
ಕೂರಿಸಿ ಕೊಡುತ್ತಿದ್ದ, ಒಂದಕ್ಕೆ ಎಂಟು ರೂಪಾಯಿ.
ಮುರಿದ ಜೀಪಿನ ಪ್ಲೇಟು ಕಾಯಿಸಿ, ಬಡಿದು,
ಕಾಫಿ ಗಿಡದ ಕೋಲಿಗೆ ಬಿಗಿದದ್ದು
ನನ್ನ ಮೊದಲ ಸೆವೆನ್ ಐರನ್.
ತಪ್ಪಿ ತಗುಲಿದರೆ ಮೊಣಕೈವರೆಗೂ ಕಣಜ ಕಡಿದ ಹಾಗೆ.
ಸರಿಯಾಗಿ ತಗುಲಿದರೆ ಏನೂ ಇಲ್ಲ,
ಹೊಡೆದೆನೋ ಇಲ್ಲವೋ ಎಂದೇ ಅನುಮಾನ.
ಬೇರೆ ಕೋಚ್ ನನಗಿರಲಿಲ್ಲ.

ಒಂಬತ್ತು ವರ್ಷ ಬೊಳ್ಳವ್ವನವರ ಬ್ಯಾಗು ಹೊತ್ತೆ.
ಪಟ್ ಮುಂಚೆ ಅವರು ಕೇಳುತ್ತಿದ್ದದ್ದು ಒಂದೇ:
‘ಈಗ ಮಳೆ ಬಂದರೆ ನೀರು ಎತ್ತ ಹರಿದೀತು?’
ನಾನು ಮಂಡಿಯೂರಿ ನೋಡಿ ಬೆರಳು ತೋರಿಸುತ್ತಿದ್ದೆ.
ಕ್ವಾಲಿಫೈಯಿಂಗ್ ಸ್ಕೂಲಿನ ಫೀಸಿಗೆ
ಎರಡು ಚೀಲ ಮೆಣಸು ಮಾರಿ ಕೊಟ್ಟರು,
ಸಾಲವೆಂದೇ ಬರೆದುಕೊಂಡರು.
ಆರು ವರ್ಷದ ಮೇಲೆ ತೀರಿಸಿದಾಗ
ನೋಟು ಎರಡು ಸಲ ಎಣಿಸಿ ಒಳಗಿಟ್ಟರು.
ಅಂಥ ಮರ್ಯಾದೆ ಬೇರೆಲ್ಲೂ ಸಿಗಲಿಲ್ಲ.

ಹದಿನಾಲ್ಕು ವರ್ಷ ಪ್ರೊ.
ಚಂಡೀಗಢ, ಜಮ್ಶೆಡ್‌ಪುರ, ಡಿಗ್ಬೋಯ್, ಒಮ್ಮೆ ಢಾಕಾ.
ಸ್ಲೀಪರಿನ ಮೇಲಿನ ಬರ್ತಿನಲ್ಲಿ
ನಾನು ಮತ್ತು ಹದಿನಾಲ್ಕು ಕ್ಲಬ್ಬು,
ಯಾರ ಕಾಲು ಯಾರ ಮೇಲೋ.
ಎರಡನೆಯ ದಿನ ಸಂಜೆ ಕಟ್.
ಒಂದು ಹೊಡೆತ ಹೆಚ್ಚಾದರೆ
ಮೂರನೆಯ ದಿನವೆಂಬುದೇ ಇಲ್ಲ, ಊಟದ ಕೂಪನ್ನೂ ಇಲ್ಲ.
ದಮಯಂತಿ ಫೋನಿನಲ್ಲಿ ಸ್ಕೋರು ಕೇಳಿದವಳಲ್ಲ.
‘ನಾಳೆ ಎಷ್ಟು ಗಂಟೆಗೆ?’ ಅನ್ನುತ್ತಿದ್ದಳು.
ಟೀ ಸಮಯ ಹೇಳಿದರೆ, ಉಳಿದೆನೆಂದು.
ರೈಲಿನ ಸಮಯ ಹೇಳಿದರೆ
ಅಕ್ಕಿ ಒಂದು ಹಿಡಿ ಜಾಸ್ತಿ ಹಾಕಬೇಕೆಂದು.

ಗೆದ್ದದ್ದಿಲ್ಲ.
ಒಮ್ಮೆ ಒಂದೇ ಹೊಡೆತಕ್ಕೆ ಕುಳಿ ಸೇರಿತು, ಎಂಟನೆಯದರಲ್ಲಿ.
ಬಹುಮಾನದ ಕಾರು ರಿಬ್ಬನ್ ಕಟ್ಟಿಕೊಂಡು
ಹದಿನೇಳನೆಯದರ ಬಳಿ ನಿಂತಿತ್ತು.
ಅಲ್ಲಿಗೆ ಬಂದಾಗ ಅದರ ಕಿಟಕಿಯಲ್ಲಿ
ಟೋಪಿ ಸರಿಮಾಡಿಕೊಂಡೆ,
ಬಂಕರಿಗೆ ಹೊಡೆದೆ.

ನಲವತ್ತೊಂದರಲ್ಲಿ ಬಲಗೈ ನಡುಗತೊಡಗಿತು.
ಲೋಟ ಹಿಡಿದಾಗ ಇಲ್ಲ, ರುಜು ಹಾಕುವಾಗ ಇಲ್ಲ,
ಮೂರಡಿ ಪಟ್ಟಿಗೆ ಮಾತ್ರ.
ಕಾರ್ಡು ಹೋಯಿತು ಅಂದರೆ
ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ;
ಪಟ್ಟಿಯಲ್ಲೊಂದು ಗೆರೆ ಇರುತ್ತದೆ,
ಹೆಸರು ಅದರ ಕೆಳಗಿರುತ್ತದೆ.

ಮನೆಗೆ ಬಂದ ದಿನ ಅಪ್ಪ,
ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದ,
ಬ್ಯಾಗಿನಿಂದ ಸೆವೆನ್ ಐರನ್ ಎಳೆದು ಬಾಗಿಲ ಬೆಳಕಿಗೆ ಹಿಡಿದ.
ಮುಖದ ನಡುವೆ, ನಾಲ್ಕಾಣೆಯಷ್ಟಗಲ,
ಗೆರೆಗಳೆಲ್ಲ ಸವೆದು ನುಣ್ಣಗೆ ಹೊಳೆಯುತ್ತಿತ್ತು.
ಹೆಬ್ಬೆರಳು ಇಟ್ಟ. ಸುತ್ತ ಸವರಿದ. ಸುತ್ತ ಗೆರೆ ಹಾಗೇ ಇದ್ದವು.
‘ಎಷ್ಟು ಸಲ?’
‘ಲೆಕ್ಕ ಇಟ್ಟಿಲ್ಲ.’
‘ಒಂದೇ ಜಾಗ,’ ಅಂದ.
ಆಮೇಲೆ ಕಾಫಿಗೆ ಬೆಲ್ಲ ಕಡಿಮೆಯೆಂದು ಗೊಣಗಿದ.

ನಿನ್ನೆ ರಾತ್ರಿ ಮೂರು ಆನೆ ಏಳನೆಯ ಫೇರ್‌ವೇ ದಾಟಿವೆ,
ಒಂದು ಮರಿ.
ಗುಳಿಗಳಿಗೆ ಮಣ್ಣು ತುಂಬಿಸುವುದು,
ರಜೆಗೆ ಬಂದ ಮಕ್ಕಳಿಗೆ ಹಿಡಿತ ಕಲಿಸುವುದು
ಈಗ ನನ್ನ ಉದ್ಯೋಗ.
ತುಂಬುವ ಮೊದಲು, ಮಂಜು ಇನ್ನೂ ಇರುವಾಗ,
ಮರಿಯ ಹೆಜ್ಜೆಯೊಳಗೊಂದು ಚೆಂಡು ಇಡುತ್ತೇನೆ.
ಎತ್ತಿಡಬಹುದು, ಗೊತ್ತು.
ಅಲ್ಲಿಂದಲೇ ಹೊಡೆಯುತ್ತೇನೆ.