ಎಂಟು ಪಾಯಿಂಟ್ ಎರಡು

ಚೀಟಿಯಲ್ಲಿ ಅಷ್ಟೇ ಬರೆದಿತ್ತು.
ಮದ್ದೂರಿನ ಲ್ಯಾಬಿನ ಹುಡುಗ
ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ
"ಅಕ್ಕ, ರಕ್ತ ಕಮ್ಮಿ" ಅಂದ,
ಡಬ್ಬಿಯಲ್ಲಿ ಸಕ್ಕರೆ ಕಮ್ಮಿ ಅಂದಹಾಗೆ.

ಚೀಟಿ ಮಡಿಸಿ ರವಿಕೆಯೊಳಗಿಟ್ಟೆ.
ಅತ್ತೆಗೆ ಓದು ಬರದು;
ಆದರೂ ಹೇಗೋ ಓದಿಕೊಂಡರು.

ಮಾರನೆಯ ದಿನ ಬೆಳಗಿನ ನಾಲ್ಕೂವರೆಗೆ
ಬಾಣಲೆಯಲ್ಲಿ ಚಿಟಿಚಿಟಿ.
ಹುಚ್ಚೆಳ್ಳು ಸಿಡಿಯುವ ಸದ್ದು ಮೊದಲು, ವಾಸನೆ ಆಮೇಲೆ,
ಅದರ ಹಿಂದೆ ಅತ್ತೆಯ ಕೆಮ್ಮು.
ಮದುವೆಯಾಗಿ ಒಂಬತ್ತು ವರ್ಷ,
ನನಗೆಂದು ಅವರು ಒಲೆ ಹಚ್ಚಿದ್ದು ಕಂಡಿರಲಿಲ್ಲ.

ಅಂದಿನಿಂದ ಬೀಜಗಳ ಕಾಟ.
ಉಪ್ಪೆಸರಿನ ಖಾರಕ್ಕೆ ಹುಚ್ಚೆಳ್ಳು,
ಮುದ್ದೆ ಮುರಿದರೆ ಒಳಗೆ ಅಗಸೆ ಪುಡಿ,
ನಾವು ತಿಪ್ಪೆಗೆ ಎಸೆಯುತ್ತಿದ್ದ ಸಿಹಿಗುಂಬಳದ ಬೀಜವನ್ನೂ
ಬೂದಿಯಲ್ಲಿ ಉಜ್ಜಿ, ತಾರಸಿಯಲ್ಲಿ ಹರವಿ,
ಕಾಗೆಗಳ ಜೊತೆ ಜಗಳವಾಡಿ ಒಣಗಿಸಿದರು.
"ಕಾಫಿಗೂ ಹಾಕ್ಬುಡಿ ಅತ್ತೆ" ಅಂದೆ ಸಿಟ್ಟಿಗೆ.
"ಹಾಕಿವ್ನಿ, ಕುಡಿ" ಅಂದರು.

ಏಳು ಗಂಟೆಯ ವ್ಯಾನು. ಇಪ್ಪತ್ತು ಸೀಟು, ಮೂವತ್ತೆಂಟು ಹೆಂಗಸರು.
ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ
ತಲೆಗೆ ಗಂಟೆಗೆ ಎಪ್ಪತ್ತು ಕಾಲರು.
ನನ್ನ ನೀರಿನ ಬಾಟಲಿಯಲ್ಲಿ ಕಾಮಕಸ್ತೂರಿ ಬೀಜ
ನೆನೆದು ಊದಿಕೊಂಡಿದ್ದವು.
"ಕಪ್ಪೆ ಮೊಟ್ಟೆ!" ಕಿರುಚಿದಳು ಪಕ್ಕದ ಮಿಷನ್ನಿನ ರತ್ನಿ.
"ಏ, ಸಬ್ಜಾ ಕಣೇ" ಅಂದಳು ಶಬೀನಾ,
"ರಂಜಾನಿಗೆ ನಮ್ಮಮ್ಮ ಶರಬತ್ತಿಗೆ ಹಾಕೋದು."
ಅರ್ಧ ಬಾಟಲಿ ಅವಳೇ ಖಾಲಿ ಮಾಡಿದಳು.
ಉಳಿದರ್ಧವನ್ನು ಸೂಪರ್‌ವೈಸರ್ ಟ್ಯೂಬ್‌ಲೈಟಿಗೆ ಹಿಡಿದು
ಅನುಮಾನದಿಂದ ಅಲ್ಲಾಡಿಸಿದ.
ಮುಳುಗದೆ, ತೇಲದೆ, ನಡುನೀರಲ್ಲಿ ನಿಂತವು,
ಒಂದೊಂದರ ಸುತ್ತ ಒಂದೊಂದು ಬೆಳಕಿನ ಬಳೆ.
"ಕೆಲಸ ನೋಡಿ" ಅಂದು ಹೋದ.

ಊಟ ಮುಗಿಸಿ ಕೈ ತೊಳೆದಿದ್ದೆ, ಆದರೂ
ಉಗುರಿನ ಸಂದಿಯಲ್ಲಿ ಒಂದು ಹುಚ್ಚೆಳ್ಳು ಉಳಿದಿತ್ತು.
ಬಿಳಿ ಕಾಲರಿನ ಮಡಿಕೆಗೆ ಜಾರಿತು. ಕಂಡೆ.
ತೆಗೆಯಬೇಕು ಅನ್ನುವಷ್ಟರಲ್ಲಿ
ಕಾಲು ಪೆಡಲಿನ ಮೇಲಿತ್ತು, ಟಾರ್ಗೆಟ್ಟು ತಲೆಯ ಮೇಲಿತ್ತು,
ಸೂಜಿ ಓಡಿಬಿಟ್ಟಿತು.

ಈಗ ಯಾವ ದೇಶದ ಯಾವ ಗಂಡಸಿನ ಕತ್ತಿಗೆ
ಒತ್ತಿಕೊಂಡಿದೆಯೋ ನಮ್ಮತ್ತೆಯ ಹುಚ್ಚೆಳ್ಳು.
ಮೀಟಿಂಗಿನ ನಡುವೆ ಕೆರೆದುಕೊಳ್ಳುತ್ತಾನೋ ಏನೋ.
ಹುರಿದದ್ದು, ಮೊಳೆಯಲಾರದು.
ಮೊಳೆತಿದ್ದರೆ
ಕತ್ತಿನ ಸುತ್ತ ಹಳದಿ ಹೂ.
ಮಿಷನ್ನಿನ ಮುಂದೆ ಒಬ್ಬಳೇ ನಕ್ಕೆ.
ಆ ಗಂಟೆ ಅರವತ್ತೆಂಟಕ್ಕೇ ನಿಂತಿತು, ಬೈಸಿಕೊಂಡೆ.

ಮೂರು ತಿಂಗಳು ಕಳೆದು ಅದೇ ಹುಡುಗ, ಅದೇ ಬೆರಳು:
ಹತ್ತು ಪಾಯಿಂಟ್ ಒಂದು.
"ಮಾತ್ರೆ ಕೆಲಸ ಮಾಡ್ತು ಅಕ್ಕ" ಅಂದ.
ಇರಬಹುದು. ಮಾತ್ರೆಯನ್ನೂ ನುಂಗಿದ್ದೆ, ಸುಳ್ಳು ಯಾಕೆ.
ಮನೆಯಲ್ಲಿ ಮಾತ್ರ ಅದನ್ನು ಹೇಳಲಿಲ್ಲ.

"ಎಷ್ಟಂತೆ?"
ಜಗಲಿಯ ಮೇಲೆ ಎಳ್ಳು ಕೇರುತ್ತಿದ್ದರು, ತಲೆ ಎತ್ತಲಿಲ್ಲ.
"ಹತ್ತು."
"ಎಷ್ಟಿರಬೇಕಂತೆ?"
"ಹನ್ನೆರಡು."
ಮೊರ ಎರಡು ಸಲ ಏರಿ ಇಳಿಯಿತು.
ಹೊಟ್ಟೆಲ್ಲ ನನ್ನ ಸೀರೆಗೆ ಹಾರಿತು.
"ಅಂಗಾರೆ ಇನ್ನೆರಡು ಸೇರು ಬೇಕು" ಅಂದರು.