ಹನ್ನೆರಡನೆಯ ಚಾಕು

ಪಟ್ಟಣಸಭೆ ಕೊಟ್ಟದ್ದು ತಲೆಗೆ ಹದಿನೈದು ಯೂರೋ.
ಹನ್ನೊಂದು ತಲೆ.
ಮೂರನೇ ತರಗತಿ ಸೆಪ್ಟೆಂಬರಿನಲ್ಲಿ
ಎರಡು ರಾತ್ರಿ ಕಾಡಿನಲ್ಲಿ ಮಲಗಬೇಕು,
ತಮ್ಮ ಕಡ್ಡಿ ತಾವೇ ಕೆತ್ತಿ ಸಾಸೇಜು ಸುಡಬೇಕು.
ಶಾಲೆಯ ಬೀಗದಕೈ, ಬಾಯ್ಲರು, ಮುರಿದ ಕುರ್ಚಿ
ನೋಡಿಕೊಳ್ಳುವ ನನ್ನ ತಲೆಗೇ ಬಂತು ಇದೂ:
ಚಾಕು ಆರಿಸಿ ತಾ.

ಕೆಮಿಯಾರ್ವಿಯ ಕಬ್ಬಿಣದಂಗಡಿಯಲ್ಲಿ ಓಯ್ವ
ಗಲ್ಲಾದ ಮೇಲೆ ಹಳೆಯ ಪತ್ರಿಕೆ ಹಾಸಿ
ಮೀನು ಮಾರುವವನ ಹಾಗೆ ಸಾಲಾಗಿ ಇಟ್ಟ.
ಮಡಚುವುದನ್ನು ತಾನೇ ಬದಿಗೆ ಸರಿಸಿದ:
"ಕೀಲಿದ್ದಲ್ಲಿ ಮರಳು ಹೋಗುತ್ತದೆ.
ಮಗುವಿನ ಬೆರಳೂ ಹೋಗುತ್ತದೆ."

ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ,
ಸಿನಿಮಾಕ್ಕೆ ಹೊರಟ ಹಾಗೆ ಕಪ್ಪು ಬಳಿದುಕೊಂಡದ್ದೊಂದು.
ಒಂಬತ್ತೇ ಯೂರೋ! ಎತ್ತಿದೆ. ಅಲುಗಿತು.
ಅಲಗು ಅಲುಗಬಾರದು,
ನಾನು ಬಲ್ಲ ಶಾಸ್ತ್ರ ಅಷ್ಟೇ.

ಉಳಿದವು ಎರಡು.
ಕಿತ್ತಳೆ ರಬ್ಬರಿನ ಹಿಡಿ, ತುಕ್ಕು ಹತ್ತದ ಉಕ್ಕು:
ಪಾಚಿಯಲ್ಲಿ ಬಿದ್ದರೆ ಕಾಣುತ್ತದೆ, ಒದ್ದೆ ಕೈಯಿಂದ ಜಾರದು,
ಮಳೆಯಲ್ಲಿ ಮರೆತು ಬಂದರೂ ಮುಖ ಕೆಡಿಸಿಕೊಳ್ಳದು.
ಬರ್ಚ್ ಮರದ ಹಿಡಿ, ಸಾದಾ ಇಂಗಾಲದ ಉಕ್ಕು:
ಸೇಬು ಕೊಯ್ದು ಒರೆಸದಿದ್ದರೆ ಸಂಜೆಗೆ ಕಪ್ಪು.
ಆದರೆ ಮಸೆಯಲು ಕಲ್ಲೂ ಬೇಡ.
ಓಯ್ವ ತನ್ನ ಕಾಫಿ ಬಟ್ಟಲು ಮಗುಚಿ
ಅದರ ಒರಟು ತಳಕ್ಕೆ ನಾಲ್ಕು ಸಲ ಎಳೆದ,
ಮುಂಗೈಯ ರೋಮ ಬೋಳಿಸಿ, ಉಫ್ ಎಂದು ಊದಿದ.
ಬೆನ್ನಿನಂಚಿಗೆ ಚಕಮಕಿ ಕಡ್ಡಿ ಗೀರಿದ;
ಹಳೆಯ ಹವಾಮಾನ ವರದಿಯಲ್ಲಿ
ಕಿಡಿಯಷ್ಟು ತೂತು ಬಿತ್ತು.

ಎರಡಕ್ಕೂ ಒಂದೇ ಬೆಲೆ, ಹದಿನಾಲ್ಕು ತೊಂಬತ್ತು.
ನಾನು ಕಿತ್ತಳೆಯನ್ನೇ ಕಟ್ಟಿಸಿದೆ.
ವರ್ಷಕ್ಕೆ ನಲವತ್ತು ಒಂಟಿ ಕೈಗವಸು
ಹಿಮದಿಂದ ಹೆಕ್ಕುವ ಕೈ ನನ್ನದು,
ಮಕ್ಕಳ ಗುಣ ಗೊತ್ತು.

ಸೋಮವಾರ ಹನ್ನೆರಡನೆಯ ತಲೆ ಬಂತು.
ರಿಜಿಕಿ. ಹುಟ್ಟಿದ್ದು ಕಾಂಗೋದಲ್ಲಿ,
ನಡೆದಾಡಲು ಕಲಿತದ್ದು ಉಗಾಂಡದ ಶಿಬಿರದಲ್ಲಿ.
ಶಿಬಿರ ಎಂಬ ಮಾತಿಗೆ ಆ ಮನೆಯಲ್ಲಿ ಬೇರೆ ಅರ್ಥ.
ಶಾಲೆಯ ಚೀಟಿಗೆ ತಾಯಿ ಎಸ್ಪೆರಾನ್ಸ್
ಸಹಿ ಹಾಕಿರಲಿಲ್ಲ.

ಓಯ್ವನ ಬಳಿ ಇದ್ದದ್ದು ಬರ್ಚ್ ಹಿಡಿಯದೊಂದೇ.
ನನ್ನ ಜೇಬಿನಿಂದ ಕೊಟ್ಟು ತಂದು
ಅವಳ ಅಡುಗೆ ಮೇಜಿನ ಮೇಲೆ
ಹಿಡಿ ಅವಳ ಕಡೆಗೆ ಮಾಡಿ ಇಟ್ಟೆ.
ಇದು ಯಾರ ಮೇಲೂ ಮಸೆದ ಕತ್ತಿಯಲ್ಲ ಎನ್ನಲು
ನನಗೆ ಅವಳ ಭಾಷೆ ಬಾರದು.

ಅವಳು ಹೆಬ್ಬೆರಳನ್ನು ಅಂಚಿಗೆ ಅಡ್ಡ ಸವರಿದಳು, ಉದ್ದಕ್ಕಲ್ಲ.
ಅಂಗೈಯಲ್ಲೇ ಈರುಳ್ಳಿ ಹಿಡಿದು
ಹಲಗೆಯಿಲ್ಲದೆ ಎಂಟು ಸೀಳು ಮಾಡಿದಳು.
ಅಲಗಿಗೆ ತಲೆಯಾಡಿಸಿದಳು, ಹಿಡಿಗೆ ಅಡ್ಡಾಡಿಸಿದಳು:
ದಪ್ಪ.
ಮಗಳ ಮುಷ್ಟಿಯನ್ನು ನೂಲಿನಲ್ಲಿ ಅಳೆದು
ಡ್ರಾಯರಿನ ಸಣ್ಣ ಚೂರಿಯಿಂದ
ಬರ್ಚಿನ ಸಿಪ್ಪೆ ಸಿಪ್ಪೆಯಾಗಿ ಹೆರೆದಳು.
ರಬ್ಬರಾಗಿದ್ದರೆ ಏನು ಹೆರೆಯುತ್ತಿದ್ದಳು ಎಂದು
ನಾನು ಆ ಬಿಳಿ ಸುರುಳಿಗಳನ್ನು ನೋಡುತ್ತ ಕೂತೆ.
ಸಹಿ ಹಾಕುವಾಗ ಒಂದು ಸುರುಳಿ
ಚೀಟಿಗೆ ಅಂಟಿಕೊಂಡೇ ಬಂತು.

ಕಾಡಿಗೆ ಹೋದೆವು. ಶರತ್ಕಾಲದ ಲಾಪ್‌ಲ್ಯಾಂಡ್:
ಎಲೆ ಕಿತ್ತಳೆ, ಪೊದೆ ಕಿತ್ತಳೆ, ನೆಲವೆಲ್ಲ ಕಿತ್ತಳೆ.
ನನ್ನ ಜಾಣತನದ ಎರಡು ಚಾಕು
ಇನ್ನೂ ಅಲ್ಲೇ ಎಲ್ಲೋ ಇವೆ.

ಮರುವಾರ ಶಾಲೆ ಬಿಟ್ಟ ಮೇಲೆ
ರಿಜಿಕಿ ಅಮ್ಮನ ಜೊತೆ ಬಾಯ್ಲರು ಕೋಣೆಗೆ ಬಂದಳು.
ಬಟ್ಟೆ ಬಿಚ್ಚಿ ತೋರಿಸಿದಳು,
ಅಲಗಿನ ಮೇಲೆ ಕಾಡುಹಣ್ಣಿನ ನೀಲಿ ಕಲೆ.
ನನ್ನ ಕಾಫಿ ಬಟ್ಟಲಿನ ಕಡೆ ಕೈ ತೋರಿಸಿದಳು.
ಅರ್ಧ ಕಾಫಿ ಇತ್ತು, ಬಿಸಿ ಬಿಸಿ.
ಗಟಗಟ ಕುಡಿದು
ಮಗುಚಿ ಕೊಟ್ಟೆ.